ಗ್ರಾಮಫೋನಿನಿಂದ ಪುಟ್ಟ ಗಣಕದವರೆಗೆ: ಮನೆಯ ಪೆಟ್ಟಿಗೆ ಯಾರ ಕೈಯಲ್ಲಿ?

ಇಳಕಲ್ಲಿನ ನಮ್ಮ ಮನೆಯಲ್ಲಿ ಈಚೆಗೆ ಒಂದು ಸಣ್ಣ ಚರ್ಚೆ ನಡೆಯಿತು. ಟಿವಿಯ ಹಿಂದೆ ಸಿಕ್ಕಿಸಿಡಬಹುದಾದ ಪುಟ್ಟ ಗಣಕಯಂತ್ರವೊಂದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳೋಣ ಎಂಬುದು ಹುಡುಗರ ಪ್ರಶ್ನೆ. ಒಬ್ಬನು ಅಂಗೈಯಗಲದ ರಾಸ್ಪ್‌ಬೆರಿ ಪೈ ತರೋಣ ಎಂದ. ಇನ್ನೊಬ್ಬನು ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಯೇ ಸಾಕು ಎಂದ. ಮೂರನೆಯವನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳು ಬಳಸಿ ಬಿಟ್ಟ ಚಿಕ್ಕ ಗಣಕಗಳು ಸಿಗುತ್ತವೆ ಎಂದ. ಬೆಲೆ, ವೇಗ, ಚಿತ್ರದ ಸ್ಪಷ್ಟತೆ ಎಲ್ಲವನ್ನೂ ಅಳೆದು ತೂಗಿದ್ದಾಯಿತು. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ದಾದಿ ಕೇಳಿದರು: “ನಿಮ್ಮ ದಾದಾನ ಕ್ಯಾಸೆಟ್ಟು ಇದ್ರಾಗ ಹಚ್ಚಾಕ ಬರ್ತೈತೇನಪಾ?”

ಯಾರ ಬಳಿಯೂ ಉತ್ತರವಿರಲಿಲ್ಲ. ದಾದಾ ಮೊಹರಮ್ಮಿನ ರಾತ್ರಿಗಳಲ್ಲಿ ರಿವಾಯತ್ ಪದ ಹಾಡುತ್ತಿದ್ದವರು. ಅವರ ದನಿಯಿರುವ ಒಂಬತ್ತು ಕ್ಯಾಸೆಟ್ಟುಗಳು ಸಂದೂಕದಲ್ಲಿ ಸೀರೆಗಳ ನಡುವೆ ಇವೆ. ಅವನ್ನು ಹಚ್ಚುತ್ತಿದ್ದ ಟೇಪ್ ರೆಕಾರ್ಡರ್ ಕೆಟ್ಟು ಬಹಳ ವರ್ಷಗಳಾದವು. ಯಾವ ಯಂತ್ರ ಹೆಚ್ಚು ವೇಗದ್ದು ಎಂದು ನಾವು ವಾದಿಸುತ್ತಿದ್ದಾಗ, ಈ ಯಂತ್ರದಲ್ಲಿ ನಮ್ಮ ಮನೆಯದೆನ್ನುವುದಕ್ಕೆ ಜಾಗ ಇದೆಯೇ ಎಂದು ದಾದಿ ಕೇಳಿದ್ದರು. ಅಂದಿನಿಂದ ನಮಗೆ ಯಂತ್ರದ ಆಯ್ಕೆಯೇ ಒಂದು ಇತಿಹಾಸದ ಪ್ರಶ್ನೆಯಾಗಿ ಕಾಣತೊಡಗಿದೆ. ನಮ್ಮ ಮನೆಗಳಿಗೆ ಈವರೆಗೆ ಬಂದ ಹಾಡುವ, ಮಾತಾಡುವ, ತೋರಿಸುವ ಪೆಟ್ಟಿಗೆಗಳು ಯಾವುವು? ಅವು ನಮ್ಮಿಂದ ಏನನ್ನು ಕೇಳಿಸಿಕೊಂಡವು, ನಮಗೆ ಏನನ್ನು ಕೇಳಿಸಿದವು?

ತಾನೇ ನುಡಿಸುವ ವಾದ್ಯ

ಮನುಷ್ಯನಿಲ್ಲದೆ ಸಂಗೀತ ನುಡಿಸುವ ಯಂತ್ರದ ಕನಸು ಬಹಳ ಹಳೆಯದು. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಮುಹಮ್ಮದ್, ಅಹ್ಮದ್, ಹಸನ್ ಎಂಬ ಮೂವರು ಸಹೋದರರಿದ್ದರು. ಬನೂ ಮೂಸಾ, ಅಂದರೆ ಮೂಸಾನ ಮಕ್ಕಳು, ಎಂದೇ ಇವರು ಪ್ರಸಿದ್ಧರು. ನೀರಿನ ಬಲದಿಂದ ತಾನೇ ನುಡಿಸುವ ವಾದ್ಯವೊಂದನ್ನು ಇವರು ವಿವರಿಸಿದ್ದಾರೆ. ತಿರುಗುವ ಉರುಳೆಯ ಮೇಲೆ ಮುಳ್ಳುಗಳನ್ನು ನೆಡಲಾಗಿತ್ತು. ಯಾವ ಮುಳ್ಳು ಎಲ್ಲಿದೆ ಎಂಬುದರ ಮೇಲೆ ಯಾವ ಸ್ವರ ಎಂಬುದು ನಿರ್ಧಾರವಾಗುತ್ತಿತ್ತು. ಯಂತ್ರಕ್ಕೆ ಮೊದಲೇ ಆದೇಶ ಬರೆದಿಡುವ ಕಲ್ಪನೆಯ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಇದೂ ಒಂದೆಂದು ವಿಜ್ಞಾನದ ಇತಿಹಾಸಕಾರರು ಎಣಿಸುತ್ತಾರೆ. ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಎದೆ ತಟ್ಟಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಗ್ರೀಕರಿಂದ ಕಲಿತು, ಅದಕ್ಕೆ ತಮ್ಮದನ್ನು ಸೇರಿಸಿ, ಮುಂದಿನವರಿಗೆ ದಾಟಿಸಿದರು ಎಂಬುದೇ ಅವರ ಹೆಚ್ಚುಗಾರಿಕೆ.

ಮುಂದಿನ ದೊಡ್ಡ ಹೆಜ್ಜೆ ಮಗ್ಗದಿಂದ ಬಂತು. ಸೀರೆ ನೇಯುವ ಊರಿನವರಿಗೆ ಜಕಾರ್ಡ್ ಎಂಬ ಹೆಸರು ಹೊಸತಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ರಂಧ್ರ ಕೊರೆದ ರಟ್ಟಿನ ಕಾರ್ಡುಗಳಿಂದ ಹಾಸಿನ ಎಳೆಗಳನ್ನು ಎತ್ತುವ ಸಾಧನವನ್ನು ರೂಪಿಸಿದ. ರಂಧ್ರವಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಗಣಕಕ್ಕೆ ತಿಳಿಯುವ ಭಾಷೆಯೂ ಇಂದಿಗೂ ಇಷ್ಟೇ: ಒಂದು, ಇಲ್ಲವೇ ಸೊನ್ನೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಈ ಕಾರ್ಡುಗಳನ್ನೇ ಆರಿಸಿಕೊಂಡ. ಜಕಾರ್ಡ್ ಮಗ್ಗ ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರ ಗಣಿತದ ವಿನ್ಯಾಸಗಳನ್ನು ನೇಯುತ್ತದೆ ಎಂಬ ಅರ್ಥದ ಮಾತನ್ನು ಏಡಾ ಲವ್‌ಲೇಸ್ 1843ರಲ್ಲಿ ಬರೆದಳು. ಇಂಥ ಯಂತ್ರ ಮುಂದೊಂದು ದಿನ ಸಂಗೀತವನ್ನೂ ರಚಿಸಬಹುದೆಂದು ಊಹಿಸಿದವಳೂ ಅವಳೇ. ನಮ್ಮೂರಿನ ಹುಡುಗರು ಗಣಕವೆಂದರೆ ಬೆಂಗಳೂರಿನ ಸೊತ್ತು ಎಂದು ಭಾವಿಸಿದ್ದಾರೆ. ಅದರ ಬೇರೊಂದು ಮಗ್ಗದ ಕುಣಿಯ ಪಕ್ಕದಲ್ಲೇ ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ತಟ್ಟೆ ಮತ್ತು ರೇಡಿಯೋ

ನಮ್ಮ ದೇಶದಲ್ಲಿ ದನಿಮುದ್ರಣದ ಇತಿಹಾಸ 1902ರ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಧ್ವನಿಮುದ್ರಿಕೆಗಳಿಂದ ಖ್ಯಾತಿ ಪಡೆಯಿತು. ಹಾಡಿನ ಕೊನೆಗೆ ಅವಳು ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಯಾರ ತಟ್ಟೆ ಎಂಬುದು ಅಲ್ಲಿನವರಿಗೆ ತಿಳಿಯಬೇಕಿತ್ತು. ಒಂದು ಬದಿಗೆ ಮೂರು ನಿಮಿಷದಷ್ಟೇ ಜಾಗ. ಗಂಟೆಗಟ್ಟಲೆ ಹಾಡುವವರು ತಮ್ಮ ಕಲೆಯನ್ನು ಆ ಅಳತೆಗೆ ಮಡಚಿದರು.

ನಮ್ಮ ಜಿಲ್ಲೆಗೂ ಇದರಲ್ಲಿ ಪಾಲಿದೆ. ಆಗಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಅಕ್ಕತಂಗಿಯರಾದ ಗೌಹರಬಾಯಿ ಮತ್ತು ಅಮೀರಬಾಯಿ ತಮ್ಮ ಹೆಸರಿನೊಂದಿಗೆ ‘ಕರ್ನಾಟಕಿ’ ಎಂಬುದನ್ನು ಹೊತ್ತು ಮುಂಬಯಿಗೆ ಹೋದರು. ಗೌಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ಹೆಸರಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅಮೀರಬಾಯಿಯವರ ದನಿ ದೇಶವನ್ನೆಲ್ಲ ಮುಟ್ಟಿತು. ಬೀಳಗಿಯ ದನಿಯನ್ನು ಬೀಳಗಿಯವರು ಕೇಳಬೇಕಾದರೆ ಮುಂಬಯಿಯ ತಟ್ಟೆ ಬರಬೇಕಿತ್ತು. ಗ್ರಾಮಫೋನು ಇದ್ದುದು ಉಳ್ಳವರ ಮನೆಯಲ್ಲಿ. ಉಳಿದವರು ಹೊರಗೆ ಕಟ್ಟೆಯ ಮೇಲೆ ಕುಳಿತು ಕೇಳಿದರು. ಕೊಂಡವನಿಗೆ ತಟ್ಟೆ ಸ್ವಂತದ್ದೇ ಆಗಿತ್ತು, ಆದರೆ ಅದರಲ್ಲಿ ತನ್ನ ದನಿಯನ್ನು ತುಂಬುವ ದಾರಿ ಅವನಿಗಿರಲಿಲ್ಲ.

ರೇಡಿಯೋ ಬಂದಾಗ ಬಾಗಿಲು ಇನ್ನಷ್ಟು ಅಗಲವಾಯಿತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಉತ್ತರ ಕರ್ನಾಟಕದ ಕನ್ನಡಕ್ಕೆ ಒಂದು ದನಿ ದೊರೆಯಿತು. ಮಗ್ಗದ ಮನೆಗಳಿಗೆ ರೇಡಿಯೋ ಹೇಳಿ ಮಾಡಿಸಿದ ಜೊತೆಗಾರ. ಕೈ ಲಾಳಿಯ ಮೇಲೆ, ಕಣ್ಣು ಎಳೆಯ ಮೇಲೆ. ಕಿವಿ ಮಾತ್ರ ಖಾಲಿ. ಕಂಡಿಕೆ ಸುತ್ತುವ ಹೆಂಗಸರಿಗೂ ಹಾಗೆಯೇ. ರೇಡಿಯೋ ಇಟ್ಟುಕೊಳ್ಳಲು ಸರಕಾರದ ಪರವಾನಗಿ ಬೇಕಿತ್ತು, ಅಂಚೆ ಕಚೇರಿಯಲ್ಲಿ ಪ್ರತಿವರ್ಷ ಶುಲ್ಕ ಕಟ್ಟಬೇಕಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬಲಾರರು. 1980ರ ದಶಕದ ನಡುವಿನವರೆಗೂ ಈ ಪದ್ಧತಿ ಇತ್ತು.

ಏನನ್ನು ಕೇಳಬೇಕು ಎಂಬುದನ್ನು ಮಾತ್ರ ದಿಲ್ಲಿ ನಿರ್ಧರಿಸುತ್ತಿತ್ತು. 1952ರಲ್ಲಿ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳು ಅಭಿರುಚಿಯನ್ನು ಕೆಡಿಸುತ್ತವೆ ಎನಿಸಿತು. ಆಕಾಶವಾಣಿಯಲ್ಲಿ ಅವು ಮರೆಯಾಗುತ್ತ ಬಂದವು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಬೆಳೆದದ್ದು ಹೀಗೆ. ಕೊನೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧಭಾರತಿಯನ್ನು ಆರಂಭಿಸಬೇಕಾಯಿತು. ಕೇಳುಗನ ಕೈಯಲ್ಲಿದ್ದುದು ಒಂದು ಮುಳ್ಳು ಮಾತ್ರ. ಆ ಒಂದು ಮುಳ್ಳಿನಿಂದಲೇ ಆತ ದಿಲ್ಲಿಯನ್ನು ಮಣಿಸಿದ.

ಬಂದು ಹೋದ ಟಿವಿ

ನಮ್ಮ ಸೀಮೆಯ ಟಿವಿಯ ಇತಿಹಾಸ ವಿಚಿತ್ರವಾದದ್ದು. ಬೆಂಗಳೂರಿನಲ್ಲಿ ಇನ್ನೂ ದೂರದರ್ಶನ ಕೇಂದ್ರವಿಲ್ಲದಾಗ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂತು, ಅದೂ ನೇರ ಆಕಾಶದಿಂದ. 1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಎಂಬ ಪ್ರಯೋಗಕ್ಕೆ ಅಮೆರಿಕದ ನಾಸಾ ತನ್ನ ಎ.ಟಿ.ಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಶಾಲೆಯಲ್ಲೋ ಪಂಚಾಯತಿ ಕಟ್ಟಡದಲ್ಲೋ ಒಂದು ಟಿವಿ, ಹೊರಗೆ ಕೋಳಿಗೂಡಿನ ಬಲೆಯಂಥ ತಂತಿಜಾಲರಿಯ ಹತ್ತು ಅಡಿಯ ಬುಟ್ಟಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ. ಕನ್ನಡದಲ್ಲೂ ಕಾರ್ಯಕ್ರಮಗಳಿದ್ದವು.

ಅದು ಭಾರತೀಯ ಎಂಜಿನಿಯರರ ನಿಜವಾದ ಸಾಧನೆ. ಟಿವಿ ಪೆಟ್ಟಿಗೆಗಳು ಹೈದರಾಬಾದಿನಲ್ಲಿ ತಯಾರಾದವು. ಧೂಳು, ಬಿಸಿಲು, ಕೈಕೊಡುವ ವಿದ್ಯುತ್ತು ಎಲ್ಲವನ್ನೂ ತಡೆದು ಅವು ಓಡಿದವು. ಆದರೆ 1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು, ನಾಸಾ ಉಪಗ್ರಹವನ್ನು ಮರಳಿ ಒಯ್ದಿತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಕೇಂದ್ರ ತೆರೆಯಿತು. ಅದರ ಅಲೆ ತಲುಪದ ಹಳ್ಳಿಗಳಿಗೆ ಟಿವಿ ಒಂದು ನೆನಪಾಗಿ ಉಳಿಯಿತು. ಆ ಒಂದು ವರ್ಷ ಪೂರ್ತಿಯಾಗಿ ತುರ್ತು ಪರಿಸ್ಥಿತಿಯ ಕಾಲವೂ ಆಗಿತ್ತು ಎಂಬುದನ್ನು ಮರೆಯಬಾರದು. ಪೆಟ್ಟಿಗೆ ಮಾತಾಡಿತು, ಹಳ್ಳಿ ಕೇಳಿಸಿಕೊಂಡಿತು. ಹಳ್ಳಿಗೆ ಮಾತಾಡಲು ಅದರಲ್ಲಿ ಜಾಗ ಬಹಳ ಕಡಿಮೆಯಿತ್ತು.

ಮುಂದೆ 1980ರ ದಶಕದಲ್ಲಿ ಮನೆಮನೆಗೆ ಟಿವಿ ಬಂದಾಗ ನಮ್ಮ ಸಮುದಾಯದಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಟಿವಿ ಮನೆಯಲ್ಲಿರಬಹುದೇ, ಇರಬಾರದೇ? ಕೆಲವರು ತಂದರು, ಕೆಲವರು ದೂರವಿಟ್ಟರು, ಕೆಲವರು ತಂದು ಬಟ್ಟೆ ಹೊದಿಸಿಟ್ಟರು. ಇಂದು ಹಿಂತಿರುಗಿ ನೋಡಿದರೆ ಆ ಚರ್ಚೆ ಪೆಟ್ಟಿಗೆಯ ಸುತ್ತಲೇ ತಿರುಗಿತು ಅನಿಸುತ್ತದೆ. ಅದರಲ್ಲಿ ಏನು ಬರಬೇಕೆಂದು ಆರಿಸುವವರು ಯಾರು, ಮನೆಯ ಹೆಣ್ಣುಮಕ್ಕಳಿಗೆ ಆ ಆಯ್ಕೆಯಲ್ಲಿ ಪಾಲಿದೆಯೇ ಎಂಬ ಪ್ರಶ್ನೆಗಳು ಹಿಂದೆ ಉಳಿದವು. ಅಂದು ಅದನ್ನು ಕೇಳಿದ್ದರೆ ಇಂದು ಪ್ರತಿ ಕೈಯಲ್ಲೂ ಒಂದು ಪರದೆ ಇರುವಾಗ ನಮಗೆ ಉತ್ತರ ಹುಡುಕುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕ್ಯಾಸೆಟ್ಟಿನ ಕಾಲ

ಈ ಎಲ್ಲ ಪೆಟ್ಟಿಗೆಗಳ ನಡುವೆ ಕ್ಯಾಸೆಟ್ಟು ಬೇರೆಯೇ ಜಾತಿಯದು. ಫಿಲಿಪ್ಸ್ ಕಂಪನಿ 1963ರಲ್ಲಿ ಇದನ್ನು ಜಗತ್ತಿಗೆ ತೋರಿಸಿತು. ನಮ್ಮಲ್ಲಿ ಎಪ್ಪತ್ತರ ದಶಕದ ಕೊನೆಯಿಂದ ಹರಡಿತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಊರಿಗೆ ಬರುವಾಗ ತಂದ ವಸ್ತುಗಳಲ್ಲಿ ಟೇಪ್ ರೆಕಾರ್ಡರಿಗೆ ಮೊದಲ ಸ್ಥಾನ. ಕರಾವಳಿಯ ಮನೆಗಳಲ್ಲಿ ಓದು ಬಾರದ ತಾಯಂದಿರು ಕ್ಯಾಸೆಟ್ಟಿನಲ್ಲಿ ಮಾತಾಡಿ ಮಗನಿಗೆ ಕಳಿಸುತ್ತಿದ್ದರು. ಅತ್ತಲಿಂದ ಮಗನ ದನಿ ಬರುತ್ತಿತ್ತು. ಆ ಕೆಂಪು ಗುಂಡಿಯನ್ನು ಒತ್ತಿದರೆ ಮನೆಯೇ ಆಕಾಶವಾಣಿಯಾಗುತ್ತಿತ್ತು. ಪೆಟ್ಟಿಗೆ ಮೊದಲ ಬಾರಿಗೆ ನಮ್ಮ ಮಾತನ್ನು ಕೇಳಿಸಿಕೊಂಡಿತು.

ಉತ್ತರ ಕರ್ನಾಟಕದಲ್ಲಿ ಇದರ ದೊಡ್ಡ ಫಲ ಜನಪದಕ್ಕೆ ಸಿಕ್ಕಿತು. ಗೀಗೀ ಪದ, ಭಜನೆ, ಕವಾಲಿ, ಮೊಹರಮ್ಮಿನ ಪದ ಎಲ್ಲವೂ ಕ್ಯಾಸೆಟ್ಟಿಗೆ ಏರಿದವು. ಮೊಹರಮ್ ನಮ್ಮ ಭಾಗದಲ್ಲಿ ಮುಸ್ಲಿಮರಿಗಷ್ಟೇ ಸೇರಿದ್ದಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಪಂಜಾ ಕೂಡಿಸುತ್ತಾರೆ, ಅಲಾವಿ ಕುಣಿ ತೋಡುತ್ತಾರೆ. ಕ್ರಿ.ಶ. 680ರ ಕರ್ಬಲಾದ ಕತೆ ರಿವಾಯತ್ ಪದಗಳಲ್ಲಿ ಅಚ್ಚಗನ್ನಡವಾಗಿದೆ. ಬರೆದವರಲ್ಲಿ, ಹಾಡಿದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಈ ಆಚರಣೆಗಳ ಬಗ್ಗೆ ನಮ್ಮೊಳಗೇ ಭಿನ್ನಾಭಿಪ್ರಾಯಗಳಿವೆ, ಅದು ಬೇರೆ ಮಾತು. ಆದರೆ ಕನ್ನಡ ನಾಡಿನಲ್ಲಿ ಕೂಡಿ ಬದುಕಿದ್ದಕ್ಕೆ ಆ ದನಿಗಳಿಗಿಂತ ದೊಡ್ಡ ದಾಖಲೆ ಬೇಕೇ? ಕೂಡಿ ಬದುಕಿದ್ದೇ ಸುಳ್ಳು ಎನ್ನುವವರ ಎದುರು ಆ ಕ್ಯಾಸೆಟ್ಟನ್ನು ಹಚ್ಚಿ ತೋರಿಸಬಹುದು, ಅದು ಓಡುವ ಸ್ಥಿತಿಯಲ್ಲಿದ್ದರೆ.

ಅಲ್ಲೇ ಇರುವುದು ಸಮಸ್ಯೆ. ಕ್ಯಾಸೆಟ್ಟಿನ ಟೇಪು ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬಿಸಿಗೆ ಅಂಟು ಸಡಿಲುತ್ತದೆ, ಪುಡಿ ಉದುರಿದಷ್ಟೂ ದನಿ ಹೋಗುತ್ತದೆ. ಸಂತೆಯ ಕ್ಯಾಸೆಟ್ಟಿಗೆ ಬೇರೆಡೆ ಪ್ರತಿಗಳಿದ್ದಾವು. ಮನೆಯಲ್ಲಿ ಒತ್ತಿದ ಕೆಂಪು ಗುಂಡಿಯದು ಒಂದೇ ಪ್ರತಿ.

ಪುಟ್ಟ ಗಣಕದ ಎರಡು ಕತೆ

ಸಣ್ಣ, ಅಗ್ಗದ, ಎಲ್ಲರ ಗಣಕದ ಕನಸು ಕಂಡವರಲ್ಲಿ ಕರ್ನಾಟಕದವರೂ ಮೊದಲಿಗರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರ ಏಪ್ರಿಲ್‌ನಲ್ಲಿ ಬೆಳಕು ಕಂಡಿತು. ಅಂಗೈಯಲ್ಲಿ ಹಿಡಿಯುವ ಯಂತ್ರ, ಮುಕ್ತ ತಂತ್ರಾಂಶ ಲಿನಕ್ಸ್, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡು. ಸುಮಾರು 9000 ರೂಪಾಯಿಗೆ ಕೊಡಬೇಕೆಂಬ ಗುರಿ. 2004ರಲ್ಲಿ ಬಿ.ಇ.ಎಲ್. ತಯಾರಿಸಿದ ‘ಅಮಿಡಾ’ ಮಾದರಿ 9,950 ರೂಪಾಯಿಯಿಂದ ಮೇಲ್ಪಟ್ಟು ಮಾರುಕಟ್ಟೆಗೆ ಬಂದಿತು. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗತೊಡಗಿತ್ತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮೆಲ್ಲನೆ ಮರೆಯಾಯಿತು. ಆದರೂ ಅದರ ಹಿಂದಿನ ವಿಚಾರ ಸೋಲಲಿಲ್ಲ: ಯಂತ್ರ ಬಡವನ ಭಾಷೆಯನ್ನು ಆಡಬೇಕು, ಅದರ ಒಳಗುಟ್ಟು ಎಲ್ಲರಿಗೂ ತೆರೆದಿರಬೇಕು.

ಎರಡನೆಯ ಕತೆ ಕೇಂಬ್ರಿಜ್‌ನದು. ಮಕ್ಕಳು ಗಣಕವನ್ನು ಬಳಸುವುದನ್ನಷ್ಟೇ ಕಲಿಯುತ್ತಿದ್ದಾರೆ, ಅದಕ್ಕೆ ಆದೇಶ ಬರೆಯುವುದನ್ನು ಮರೆಯುತ್ತಿದ್ದಾರೆ ಎಂಬ ಚಿಂತೆಯಿಂದ ಎಬೆನ್ ಅಪ್ಟನ್ ಮತ್ತು ಸಂಗಡಿಗರು ರಾಸ್ಪ್‌ಬೆರಿ ಪೈಯನ್ನು ತಯಾರಿಸಿದರು. 2012ರ ಫೆಬ್ರವರಿ 29ರಂದು 35 ಡಾಲರಿಗೆ ಅದು ಮಾರಾಟಕ್ಕೆ ಬಂತು. ಪಾಠಕ್ಕೆಂದು ಮಾಡಿದ್ದನ್ನು ಜನ ಟಿವಿಯ ಹಿಂದೆ ಸಿಕ್ಕಿಸಿದರು. ಅದಕ್ಕೆ ಬೇಕಾದ ತಂತ್ರಾಂಶ ಆಗಲೇ ಸಿದ್ಧವಿತ್ತು. ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯಲ್ಲಿ ಸಿನಿಮಾ ನೋಡಲೆಂದು ಹವ್ಯಾಸಿಗಳು ಬರೆದು ಹಂಚಿದ ಆ ತಂತ್ರಾಂಶ 2014ರಲ್ಲಿ ‘ಕೋಡಿ’ ಎಂಬ ಹೆಸರು ಪಡೆಯಿತು. ಇಂಟೆಲ್ ಮೊದಲಾದ ಕಂಪನಿಗಳು ಇಟ್ಟಿಗೆಗಿಂತ ಚಿಕ್ಕ ಗಣಕಗಳನ್ನು ತಂದದ್ದೂ ಇದೇ ಕಾಲದಲ್ಲಿ.

2016ರ ನಂತರ ನಮ್ಮಲ್ಲಿ ಅಂತರಜಾಲ ಅಗ್ಗವಾಯಿತು. ಹಾಡು, ಸಿನಿಮಾ ಎಲ್ಲವೂ ಬಾಡಿಗೆಗೆ ಸಿಗತೊಡಗಿದವು. ಸೌಕರ್ಯವೇನೋ ನಿಜ. ಆದರೆ ಹಣ ಕಟ್ಟುವುದು ನಿಂತ ದಿನ ಕಪಾಟು ಖಾಲಿ. ಕಂಪನಿ ಬೇಡವೆಂದ ದಿನ ಸಿನಿಮಾ ಮಾಯ. ಸೈಟ್ ಹಳ್ಳಿಗಳ ಟಿವಿ ಒಂದು ಸಂಜೆ ಸುಮ್ಮನಾದದ್ದು ನೆನಪಿದ್ದವರಿಗೆ ಇದು ಹೊಸ ಕತೆಯೇನಲ್ಲ.

ಆಯ್ಕೆಯ ಅಳತೆಗೋಲು

ಈಗ ಹುಡುಗರ ಪ್ರಶ್ನೆಗೆ ಬರೋಣ. ಇಷ್ಟು ಇತಿಹಾಸದಿಂದ ನಮಗೆ ಸಿಕ್ಕ ಅಳತೆಗೋಲುಗಳು ಇವು.

ಮೊದಲನೆಯದು, ಯಂತ್ರ ಕೇಳಿಸಿಕೊಳ್ಳಬೇಕು. ರಾಸ್ಪ್‌ಬೆರಿ ಪೈಯಲ್ಲಿ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ತೂತು ಇಲ್ಲ. ಯು.ಎಸ್.ಬಿ. ಸೌಂಡ್ ಕಾರ್ಡನ್ನು ಬೇರೆಯಾಗಿ ಜೋಡಿಸಬೇಕು. ಆಂಡ್ರಾಯ್ಡ್ ಪೆಟ್ಟಿಗೆಗಳಿರುವುದು ತೋರಿಸುವುದಕ್ಕೆ, ದಾಖಲಿಸುವ ಕೆಲಸಕ್ಕೆ ಅವು ಒಗ್ಗುವುದಿಲ್ಲ. ಅಲ್ಲದೆ ಕೆಲವು ಅಗ್ಗದ ಪೆಟ್ಟಿಗೆಗಳು ಕಳ್ಳ ತಂತ್ರಾಂಶವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತಿರುವುದನ್ನು 2023ರಲ್ಲಿ ತಜ್ಞರು ಬಯಲು ಮಾಡಿದರು.

ಎರಡನೆಯದು, ಊರಿನಲ್ಲೇ ದುರಸ್ತಿಯಾಗಬೇಕು. ಮಗ್ಗದ ಒಂದು ಹಲಗೆ ಮುರಿದರೆ ನೇಕಾರ ಊರಿನ ಬಡಿಗನ ಬಳಿ ಹೋಗುತ್ತಾನೆ. ಪೈಯಲ್ಲಿ ಮೆಮೊರಿ ಹಲಗೆಗೇ ಬೆಸೆದಿರುತ್ತದೆ. ಕಚೇರಿಯ ಹಳೆಯ ಚಿಕ್ಕ ಗಣಕದಲ್ಲಿ ಮೆಮೊರಿಯನ್ನೂ ಡಿಸ್ಕನ್ನೂ ಒಂದು ಸ್ಕ್ರೂಡ್ರೈವರಿನಿಂದ ಬದಲಿಸಬಹುದು.

ಮೂರನೆಯದು ವಿದ್ಯುತ್ತು. ಪೈ ಸುಮಾರು 5 ವಾಟ್ ತಿಂದರೆ ದಿನವಿಡೀ ಉರಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗದು. ಚಿಕ್ಕ ಗಣಕ ಅದರ ಎರಡು ಮೂರು ಪಟ್ಟು ತಿಂದೀತು. ಆದರೆ ಕರೆಂಟು ತಟ್ಟನೆ ಹೋದಾಗ ಪೈಯ ಮೆಮೊರಿ ಕಾರ್ಡು ಕೆಡುವ ಅಪಾಯ ಹೆಚ್ಚು. ಯಾವುದನ್ನು ತಂದರೂ ಒಂದು ಚಿಕ್ಕ ಯು.ಪಿ.ಎಸ್. ಬೇಕೇ ಬೇಕು.

ನಾಲ್ಕನೆಯದು ಕನ್ನಡ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ‘ರಿವಾಯತ್’, ‘ಕರ್ಬಲಾ’ ಎಂದು ಕಡತಕ್ಕೆ ಹೆಸರಿಟ್ಟು ನೋಡಿಯೇ ಒಪ್ಪಬೇಕು.

ಐದನೆಯದು, ದಾದಿಯೂ ಬಳಸಲು ಬರಬೇಕು. ಹುಡುಗರಿಲ್ಲದ ಮಧ್ಯಾಹ್ನ ಅದು ಅವರ ಕೈಗೆ ಒಲಿಯದಿದ್ದರೆ ಅದು ಹುಡುಗರ ಆಟಿಕೆ, ಮನೆಯ ಯಂತ್ರವಲ್ಲ.

ಚಿತ್ರದ ಸ್ಪಷ್ಟತೆ, ವೇಗ ಇವೆಲ್ಲ ಆಮೇಲಿನವು. ಇಂದು ಸಿಗುವ ಯಾವ ಪುಟ್ಟ ಗಣಕಕ್ಕೂ ಹಾಡು ಹಚ್ಚುವುದು ಭಾರವಲ್ಲ. ಒಂದು ಗಂಟೆಯ ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಕುಗ್ಗಿಸದೆ ಬರೆದಿಟ್ಟರೆ ಸುಮಾರು 600 ಎಂ.ಬಿ. ಆಗುತ್ತದೆ. ಅಂಥ ನೂರು ಕ್ಯಾಸೆಟ್ಟು ಸೇರಿದರೂ 60 ಜಿ.ಬಿ. ಒಂದು ಊರಿನ ಎಷ್ಟೋ ಮೊಹರಮ್ಮುಗಳು ಉಗುರಿನಗಲದ ಕಾರ್ಡಿನಲ್ಲಿ ಹಿಡಿಯುತ್ತವೆ. ಆದರೆ ಪ್ರತಿ ಎರಡು ಕಡೆ ಇರಲೇಬೇಕು, ಒಂದು ಬೇರೆ ಮನೆಯಲ್ಲಿ. ಸಂದೂಕದ ತಪ್ಪನ್ನು ಕಾರ್ಡಿನಲ್ಲಿ ಮತ್ತೆ ಮಾಡಬಾರದು.

ಒಂಬತ್ತು ಕ್ಯಾಸೆಟ್ಟುಗಳು

ಕೊನೆಗೆ ನಾವು ಕಚೇರಿಯೊಂದು ಬಳಸಿ ಬಿಟ್ಟ ಚಿಕ್ಕ ಗಣಕವನ್ನೇ ತಂದೆವು. ಹಳೆಯ ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿಸಿ, ಸ್ಪಿರಿಟ್ಟಿನಿಂದ ಹೆಡ್ಡು ಒರೆಸಿ, ಒಂದು ತಂತಿಯಿಂದ ಗಣಕಕ್ಕೆ ಜೋಡಿಸಿದೆವು. ಉಚಿತವಾಗಿ ಸಿಗುವ ‘ಆಡಾಸಿಟಿ’ ತಂತ್ರಾಂಶ ಸಾಕಾಯಿತು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಇದರಲ್ಲಿ ಅವಸರ ನಡೆಯದು. ಎರಡು ಕ್ಯಾಸೆಟ್ಟುಗಳ ಟೇಪು ಅಂಟಿಕೊಂಡು ಹೋಗಿತ್ತು, ಅವು ಮಾತಾಡಲಿಲ್ಲ. ಆರರಲ್ಲಿ ದಾದಾ ಸಿಕ್ಕರು. ಹಲಗೆಯ ಪೆಟ್ಟು, ನಡುವೆ ಯಾರದೋ ಕೆಮ್ಮು, ಹಿಮ್ಮೇಳದಲ್ಲಿ ದನಿಗೂಡಿಸಿದ ಪಕ್ಕದ ಓಣಿಯ ಲಿಂಗಾಯತ ಗೆಳೆಯರ ಕಂಠ ಎಲ್ಲವೂ ಇದ್ದವು.

ಉಳಿದ ಒಂದರಲ್ಲಿ ನಾಲ್ಕು ನಿಮಿಷ ಪದ ಕೇಳಿ, ನಡುವೆ ‘ಟಕ್’ ಎಂಬ ಸದ್ದಾಗಿ, ಸಿನಿಮಾ ಹಾಡು ಆರಂಭವಾಯಿತು. ಅದರ ಮೇಲೆ ಹಾಡು ತುಂಬಿಕೊಂಡವರು ಬೇರಾರೂ ಅಲ್ಲ, ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನಾವೇ. ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ, ದಾದಾನ ಪದ ಮುಂದಿನ ವರ್ಷವೂ ಇದ್ದೇ ಇರುತ್ತದೆ ಎಂದುಕೊಂಡಿದ್ದೆವು. ದಿಲ್ಲಿಯನ್ನೂ ನಾಸಾವನ್ನೂ ಇಷ್ಟು ಹೊತ್ತು ದೂರಿದ ನಮಗೆ, ಮನೆಯ ದನಿಯನ್ನು ಅಳಿಸಿದ ಬೆರಳು ನಮ್ಮದೇ ಎಂದು ಒಪ್ಪಿಕೊಳ್ಳದೆ ಗತಿಯಿಲ್ಲ.

ಹುಡುಗರು ಆ ಸಿನಿಮಾ ಹಾಡಿನ ಭಾಗವನ್ನು ಕತ್ತರಿಸಿ ತೆಗೆಯಲು ಹೊರಟರು. ದಾದಿ ತಡೆದರು. “ಇರ್ಲಿ ಬಿಡ್ರೋ, ಏನೂ ಅಳಸಬ್ಯಾಡ್ರಿ. ಅದೂ ನಮ್ಮ ಮನ್ಯಾಗಿಂದs.” ಕಡತಕ್ಕೆ ಹೆಸರಿಟ್ಟು ಹಾಗೆಯೇ ಉಳಿಸಿದ್ದೇವೆ. ಓದುಗರ ಮನೆಗಳ ಸಂದೂಕಗಳಲ್ಲೂ ಇಂಥ ಕ್ಯಾಸೆಟ್ಟುಗಳಿರಬಹುದು. ಯಂತ್ರ ಯಾವುದಾದರೂ ಇರಲಿ, ಬರುವ ಮಳೆಗಾಲದ ತೇವ ಹಿಡಿಯುವ ಮುನ್ನ ಒಮ್ಮೆ ಅವನ್ನು ಹೊರತೆಗೆಯಿರಿ.